ಪರದೇಶದ ಹಬ್ಬ, ಶ್ರಾವಕನ ವ್ರತ

ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ವಜ್ರವ್ಯಾಪಾರದ ನಿಮಿತ್ತ ಅನೇಕ ಜೈನ ಕುಟುಂಬಗಳು ನೆಲೆಸಿವೆ. ಡಿಸೆಂಬರ್ ಮಾಸದಲ್ಲಿ ಅಲ್ಲಿ ಸಂಜೆ 4.30ರ ಸುಮಾರಿಗೇ ಸೂರ್ಯಾಸ್ತವಾಗುತ್ತದೆ. ಅಂತಹ ದಿನ ಮಗುವಿನ ಹುಟ್ಟುಹಬ್ಬ ಬಂದು, ಕತ್ತಲಾದ ಮೇಲೆ ನೆರೆಯವರು ಪ್ರೀತಿಯಿಂದ ಮೊಟ್ಟೆ ಬೆರೆತ ಕೇಕನ್ನು ತಂದರೆ ಶ್ರಾವಕನು ಮಾಡತಕ್ಕದ್ದೇನು? ಉಂಡರೆ ವ್ರತಭಂಗ, ಒಲ್ಲೆನೆಂದರೆ ಸ್ನೇಹಭಂಗವೆಂಬ ಕಳವಳ ಸಹಜವಾದದ್ದು.

ವಿಚಾರಿಸಿ ನೋಡಿದರೆ, ವ್ರತವು ಆಹಾರದ ದೇಶವನ್ನು ಕೇಳುವುದಿಲ್ಲ. ಅದರಲ್ಲಡಗಿದ ಹಿಂಸೆಯನ್ನು ಕೇಳುತ್ತದೆ. ಆ ನಾಡಿನ ಸೇಬು, ಮರಸೇಬುಗಳು ಪರದೇಶದವೆಂಬ ಮಾತ್ರಕ್ಕೆ ತ್ಯಾಜ್ಯವಲ್ಲ. ಕಂದಮೂಲವನ್ನು ತ್ಯಜಿಸಿದವನಿಗೆ ಅಲ್ಲಿಯ ಪ್ರಸಿದ್ಧವಾದ ಕರಿದ ಆಲೂಗಡ್ಡೆಯೂ ವರ್ಜ್ಯ, ತವರಿನ ಆಲೂಗಡ್ಡೆ ಪಲ್ಯವೂ ವರ್ಜ್ಯ.

ಆದರೆ ತ್ಯಾಗದಲ್ಲಿ ತಿರಸ್ಕಾರ ಬೆರೆತರೆ ಅದು ಮಾನಕಷಾಯ. ಕೈಮುಗಿದು ಕಾರಣವನ್ನು ತಿಳಿಸಿ, ಮರುದಿನ ಮಧ್ಯಾಹ್ನ ಅವರನ್ನೇ ಮನೆಗೆ ಕರೆದು ಆ ನೆಲದ ಹಣ್ಣನ್ನೇ ಹಂಚಿಕೊಂಡು ಉಣ್ಣುವುದು ಶ್ರಾವಕನಿಗೆ ಭೂಷಣ. ಆಗಲೂ ನೆರೆಯವರ ಮನಸ್ಸು ಕೊಂಚ ನೋಯಬಹುದು, ಮಗು ಅಳಲೂಬಹುದು. ಆ ನೋವನ್ನು ಕಾಣದವನ ವ್ರತ ಕೇವಲ ಹಠ; ಕಂಡು, ಮರುಗಿ, ಆದರೂ ಕದಲದವನ ವ್ರತವೇ ಅಹಿಂಸೆ.