ಮನೆಗೆ ಬರುವ ಕೋತಿಯೂ ಶ್ರಾವಕನ ಅಹಿಂಸೆಯೂ

ಕೋಲಾರದ ಅಂತರಗಂಗೆ ಬೆಟ್ಟದಲ್ಲಿ, ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಕೋತಿಗಳ ಹಿಂಡು ಹೊಸದಲ್ಲ. ಅವು ಶ್ರೀನಿವಾಸಪುರದ ಮಾವಿನ ತೋಪಿಗೋ ಮಾಲೂರಿನ ಹೆಂಚಿನ ಮನೆಗೋ ಇಳಿದಾಗ ಗೃಹಸ್ಥನಿಗೆ ಎರಡು ದಾರಿಗಳು ತೋರುತ್ತವೆ: ಬಾಳೆಹಣ್ಣು ನೀಡಿ ಪುಣ್ಯವೆಂದು ತಿಳಿಯುವುದು, ಇಲ್ಲವೆ ಬೋನಿಟ್ಟು ಹಿಡಿಸಿ ದೂರ ಬಿಡಿಸುವುದು. ಇವೆರಡೂ ವಿಚಾರಾರ್ಹವಾಗಿವೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಕೋತಿಯನ್ನು ಹಿಡಿದು ಹಿಂಡಿನಿಂದ ಅಗಲಿಸುವುದು ಬಂಧವೇ ಸರಿ. ಬಿಟ್ಟ ಊರಿನವರಿಗೂ ಅದೇ ಉಪದ್ರವ ತಪ್ಪದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಒಪ್ಪುವುದಿಲ್ಲ.

ಹಾಗಾದರೆ ಆಹಾರ ಸಿಗದಂತೆ ಮಾಡುವುದು ಐದನೆಯ ಅತಿಚಾರವಾದ ಅನ್ನಪಾನನಿರೋಧವಾಗದೆ? ಆಗದು. ಆ ದೋಷವು ನಮ್ಮ ಅಧೀನದಲ್ಲಿರುವ ದನಕರುಗಳಿಗೂ ಆಳುಕಾಳುಗಳಿಗೂ ಸಂಬಂಧಿಸಿದ್ದು. ಕೋತಿ ಸ್ವತಂತ್ರ ಜೀವಿ. ಆಲ, ಅತ್ತಿಯ ಹಣ್ಣು, ಚಿಗುರು, ಹುಳುಹುಪ್ಪಟೆ ಅದರ ಸಹಜಾಹಾರ. ಕೈತುತ್ತಿಗೆ ಒಗ್ಗಿದ ಕೋತಿ ಮನುಷ್ಯನ ಭಯ ಬಿಟ್ಟು ನೆರೆಮನೆಯ ಮಗುವಿನ ಕೈಯಿಂದ ತಿಂಡಿ ಕಸಿಯುತ್ತದೆ. ನೆರೆಯವನು ಕಲ್ಲೆತ್ತುತ್ತಾನೆ. ಆ ಹಿಂಸೆಯಲ್ಲಿ ಹಣ್ಣು ಕೊಟ್ಟವನ ಪಾಲೂ ಇದೆ.

ಹಿಂಸೆಯ ಮೂಲ ಪ್ರಮಾದವೆಂದು ಶಾಸ್ತ್ರ ಸಾರುತ್ತದೆ. ಆದ್ದರಿಂದ ಕಿಟಕಿಗೆ ಜಾಲರಿ, ಕಸದ ತೊಟ್ಟಿಗೆ ಮುಚ್ಚಳ, ಉಗ್ರಾಣಕ್ಕೆ ಅಗುಳಿ ಹಾಕುವುದು ಸಹ ವ್ರತಪಾಲನೆಯೇ. ಬಸದಿಗಳ ಟ್ರಸ್ಟುಗಳು ಪೂಜಾದ್ರವ್ಯವನ್ನು ಅಂಗಳದಲ್ಲಿ ಬಿಡದಿರಲಿ; ಕೋತಿಗಳಿಗೆ ಹಣ್ಣು ಹಂಚುವ ಹಣದಿಂದ, ಇಲಾಖೆಯೊಡನೆ ಸೇರಿ, ಬೆಟ್ಟದ ತಪ್ಪಲಲ್ಲಿ ಅತ್ತಿ, ನೇರಳೆ ಸಸಿಗಳನ್ನು ನೆಡಿಸಲಿ. ಜೀವದಯೆಯ ಖಾತೆಯಲ್ಲಿ ಆ ವೆಚ್ಚಕ್ಕೇ ಹೆಚ್ಚಿನ ಬೆಲೆ.