ರೋಗವೂ ಪಾಪವೂ

ವ್ಯಾಧಿಯು ಮನೆಯೊಳಗೆ ಕಾಲಿಟ್ಟಾಗ ಮನುಷ್ಯನ ಮನಸ್ಸು ಮೊದಲು ಔಷಧವನ್ನು ಅರಸುತ್ತದೆ; ಔಷಧವು ಫಲಿಸಲು ತಡವಾದಂತೆಲ್ಲ ಕಾರಣವನ್ನು ಅರಸತೊಡಗುತ್ತದೆ. ಆ ಕಾರಣವು ವೈದ್ಯನು ಹೇಳುವ ಕಾರಣವಲ್ಲ. ಊರಿನಲ್ಲಿ ಇಷ್ಟು ಮಂದಿ ಇರಲು ಈ ಸಂಕಟವು ನನ್ನನ್ನೇ ಏಕೆ ಹುಡುಕಿಕೊಂಡು ಬಂತು, ನಾನು ಯಾವ ಜನ್ಮದಲ್ಲಿ ಏನು ಮಾಡಿದ್ದೆ, ಎಂದು ರೋಗಿಯು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಅವನು ಕೇಳಿಕೊಳ್ಳದಿದ್ದರೆ ನೆರೆಹೊರೆಯವರು ಅವನ ಪರವಾಗಿ ಕೇಳುತ್ತಾರೆ. ರೋಗವು ಪಾಪದ ಫಲವೆಂಬ ಉತ್ತರವು ಬಹು ಪುರಾತನವಾದದ್ದು. ಅದು ಒಂದೇ ಮತಕ್ಕೆ ಸೇರಿದ್ದೂ ಅಲ್ಲ. ಯಾವ ಪಾತಕಕ್ಕೆ ಯಾವ ರೋಗವೆಂಬುದನ್ನು ಮನುಸ್ಮೃತಿಯು ಪಟ್ಟಿಮಾಡಿ ಹೇಳುತ್ತದೆ. ಯೆಹೂದ್ಯರ ಯೋಬನ ಕಥೆಯಲ್ಲಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತವನ ಬಳಿಗೆ ಸಂತೈಸಲೆಂದು ಬಂದ ಮಿತ್ರರು ಕಡೆಗೆ ಅವನ ಅಪರಾಧವನ್ನೇ ಹುಡುಕುತ್ತಾರೆ. ಈ ಉತ್ತರವು ಧರ್ಮಬುದ್ಧಿಗೆ ನಿಜವಾಗಿ ಒಪ್ಪತಕ್ಕದ್ದೇ ಎಂಬುದನ್ನು ವಿಚಾರಮಾಡುವುದಕ್ಕೆ, ಮನುಷ್ಯನನ್ನು ಕೊಂಚ ಹೊತ್ತು ಬದಿಗಿರಿಸಿ ಗಿಡಮರಗಳ ಕಡೆಗೆ ನೋಡುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಸಸ್ಯಗಳಿಗೂ ರೋಗವುಂಟೆಂಬ ಅರಿವು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಭರದ್ವಾಜನಿಗೆ, ವೃಕ್ಷಗಳಿಗೆ ಜೀವವಿದೆಯೆಂಬುದಕ್ಕೆ ಹೇಳುವ ಪ್ರಮಾಣಗಳಲ್ಲಿ, ಅವುಗಳಿಗೆ ವ್ಯಾಧಿ ಬರುವುದು, ಬಂದ ವ್ಯಾಧಿಯು ಚಿಕಿತ್ಸೆಗೆ ಮಣಿಯುವುದು, ಇವೂ ಸೇರಿವೆ. ಸುರಪಾಲನ ವೃಕ್ಷಾಯುರ್ವೇದವು ಮರಗಳ ರೋಗಗಳನ್ನೂ ವಾತ ಪಿತ್ತ ಕಫಗಳಿಂದಲೇ ವಿವರಿಸುತ್ತದೆ. ಮನುಷ್ಯನ ದೇಹಕ್ಕೂ ಮರದ ದೇಹಕ್ಕೂ ಒಂದೇ ಶಾಸ್ತ್ರವು ಸಲ್ಲುತ್ತದೆಂಬ ಈ ಭಾವನೆಯಲ್ಲಿ ವಿವರಗಳು ಹೇಗೇ ಇರಲಿ, ಒಂದು ದೊಡ್ಡ ಸತ್ಯವು ಅಡಗಿದೆ.

ಮಲೆನಾಡಿನ ಅಡಕೆಯ ತೋಟವನ್ನು ನೋಡಿರಿ. ಆಷಾಢ ಶ್ರಾವಣಗಳಲ್ಲಿ ಮಳೆಯು ಬಿಡುವಿಲ್ಲದೆ ಹೊಯ್ಯುವಾಗ ಎಳೆಯ ಕಾಯಿಗಳ ಮೇಲೆ ನೀರುಂಡ ಕಲೆಗಳು ಮೂಡಿ, ಅವುಗಳ ಮೇಲೆ ಬಿಳಿಯ ಬೂಷ್ಟು ಹಬ್ಬಿ, ಕೊನೆಕೊನೆಯೇ ಕೊಳೆತು ಉದುರಿಹೋಗುವ ಕೊಳೆರೋಗವನ್ನು ಅಲ್ಲಿಯ ಪ್ರತಿಯೊಬ್ಬ ಕೃಷಿಕನೂ ಬಲ್ಲನು. ಅದಕ್ಕೆ ಕಾರಣವು ನೀರಿನಲ್ಲಿ ಈಜಬಲ್ಲ ಬೀಜಕಣಗಳನ್ನು ಹೊರಬಿಡುವ ಒಂದು ಸೂಕ್ಷ್ಮಜೀವಿ. ಮಳೆಯ ಹನಿಯ ಚಿಮ್ಮುವಿಕೆಯೇ ಅದಕ್ಕೆ ವಾಹನ. ಈ ಮರಗಳು ಯಾರ ಧನವನ್ನು ಅಪಹರಿಸಿದುವು, ಯಾವ ಗುರುವನ್ನು ನಿಂದಿಸಿದುವು? ಶರೀರದಿಂದ ಗೈದ ಪಾಪಕ್ಕಾಗಿ ಮನುಷ್ಯನು ಸ್ಥಾವರವಾಗಿ ಹುಟ್ಟುತ್ತಾನೆಂದು ಮನುವು ಹೇಳಿದ್ದಾನಲ್ಲವೆ, ಅಡಕೆಯ ಮರವೂ ಪೂರ್ವಜನ್ಮದ ಪಾಪಿಯೇ ಏಕಾಗಬಾರದು, ಎಂದು ವಾದಿಸುವವರುಂಟು. ಆದರೆ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸಮಾಡಿ, ಮೈಲುತುತ್ತ ಮತ್ತು ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಕೊನೆಗಳಿಗೆ ಸಿಂಪಡಿಸುವ ಉಪಾಯವನ್ನು ಪ್ರಚಾರಕ್ಕೆ ತಂದಮೇಲೆ, ಮದ್ದು ತಾಗಿದ ಕೊನೆಯು ಉಳಿಯಿತು, ತಾಗದ ಕೊನೆಯು ಕೊಳೆಯಿತು. ಒಂದೇ ಮರದ ಎರಡು ಕೊನೆಗಳಿಗೆ ಎರಡು ಬಗೆಯ ಪ್ರಾರಬ್ಧವನ್ನು ಯಾವ ಕರ್ಮವಾದಿಯೂ ಕಲ್ಪಿಸಲಾರನು.

ಪಾಪದ ಮಾತು ಹೀಗಿರಲಿ. ರಕ್ಷಣೆಯ ಮಾತು ಇದಕ್ಕಿಂತಲೂ ಗಹನವಾದದ್ದು. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ನಮ್ಮಲ್ಲಿರುವಂತೆ ದೇಹದ ತುಂಬ ಸಂಚರಿಸಿ ಶತ್ರುವನ್ನು ನುಂಗುವ ಕಣಗಳಿಲ್ಲ. ಅದರ ಪ್ರತಿಯೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ಗೋಧಿಗೆ ತಗಲುವ ಭಂಡಾರ ರೋಗವನ್ನು ಪರೀಕ್ಷಿಸುತ್ತಿದ್ದ ಅಮೆರಿಕದ ಸ್ಟ್ಯಾಕ್‌ಮನ್ 1915ರಲ್ಲಿ ವರ್ಣಿಸಿದ ಸಂಗತಿಯು ವಿಸ್ಮಯಕರವಾದದ್ದು. ರೋಗಕ್ಕೆ ಮಣಿಯದ ತಳಿಯಲ್ಲಿ, ಶಿಲೀಂಧ್ರದ ಎಳೆಯು ಒಳಹೊಕ್ಕ ಕೂಡಲೆ ಅದರ ಸುತ್ತಲಿನ ಕೋಶಗಳು ತಾವಾಗಿಯೇ ಪ್ರಾಣಬಿಡುತ್ತವೆ. ಜೀವಂತ ಅಂಗಾಂಶವನ್ನೇ ಉಂಡು ಬದುಕಬೇಕಾದ ಆ ಶಿಲೀಂಧ್ರವು ಸತ್ತ ಕೋಶಗಳ ನಡುವೆ ಅನ್ನವಿಲ್ಲದೆ ನಶಿಸುತ್ತದೆ. ಎಲೆಯ ಮೇಲೆ ಒಂದು ಚುಕ್ಕೆಯಷ್ಟೇ ಉಳಿದು ಗಿಡವು ಬದುಕಿಕೊಳ್ಳುತ್ತದೆ. ಮನುಷ್ಯನ ರಕ್ಷಣೆಯ ಕ್ರಮವು ಬೇರೆ. 1882ರಲ್ಲಿ ಸಿಸಿಲಿಯ ಮೆಸೀನಾದಲ್ಲಿ ಜೀವವಿಜ್ಞಾನಿಯಾದ ಮೆಚ್ನಿಕೋಫನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ದೇಹಕ್ಕೆ ಮುಳ್ಳನ್ನು ಚುಚ್ಚಿ, ಮರುದಿನ ಬೆಳಗ್ಗೆ ಸಂಚಾರಿ ಕಣಗಳು ಆ ಮುಳ್ಳನ್ನು ಮುತ್ತಿಕೊಂಡಿರುವುದನ್ನು ಕಂಡನು. ನಮ್ಮ ರಕ್ತದ ಬಿಳಿಯ ಕಣಗಳೂ ಅದೇ ಧರ್ಮವನ್ನು ಪಾಲಿಸುತ್ತವೆಂಬ ವಿಚಾರಕ್ಕೆ ಆ ನೋಟವೇ ದಾರಿತೋರಿತು. ಅದರ ಮೇಲೆ ನಮಗೆ ಸ್ಮೃತಿಯೆಂಬ ಇನ್ನೊಂದು ವರವುಂಟು: ಒಮ್ಮೆ ಸಿಡುಬನ್ನು ಗೆದ್ದ ದೇಹವು ಅದನ್ನು ಮತ್ತೆ ಒಳಗೆ ಬಿಡುವುದು ಅತಿ ವಿರಳ. ಮಾರ್ಗಗಳು ಬೇರೆಯಾದರೂ ಗುರುತಿಸುವ ವಿದ್ಯೆಯಲ್ಲಿ ಸಾಮ್ಯವಿದೆ. ಬ್ಯಾಕ್ಟೀರಿಯಾಗಳು ಈಜಲು ಬಳಸುವ ಬಾಲದ ಸಸಾರಜನಕವನ್ನು ಗಿಡದ ಕೋಶವೂ ಮನುಷ್ಯನ ಕೋಶವೂ ಪರಕೀಯವೆಂದು ಅರಿತು ಎಚ್ಚರಗೊಳ್ಳುತ್ತವೆ.

ಇದರಿಂದ ಧರ್ಮಜಿಜ್ಞಾಸುವು ತಿಳಿಯತಕ್ಕದ್ದೇನು? ರೋಗವು ಈಶ್ವರನು ವಿಧಿಸಿದ ದಂಡನೆಯಾಗಿದ್ದರೆ, ಆ ದಂಡನೆಯನ್ನು ತಡೆಯುವ ಶಕ್ತಿಯನ್ನು ಅವನೇ ಹುಲ್ಲಿನ ಎಸಳಿನಿಂದ ಹಿಡಿದು ಮನುಷ್ಯನವರೆಗೆ ಎಲ್ಲ ಜೀವಿಗಳ ಒಳಗೂ ಇರಿಸಿದುದೇಕೆ? ಅದನ್ನು ಹಂಚುವಾಗ ಸಜ್ಜನನೆಂದೂ ದುರ್ಜನನೆಂದೂ ಭೇದವೆಣಿಸದೆ ಹೋದುದೇಕೆ? ಲಂಡನ್ನಿನ ಎಡ್ಮಂಡ್ ಮ್ಯಾಸಿ ಎಂಬ ಪಾದ್ರಿಯು 1722ರಲ್ಲಿ, ಸಿಡುಬಿನ ಕೀವನ್ನು ಚುಚ್ಚಿ ರೋಗವನ್ನು ತಡೆಯುವ ಪದ್ಧತಿಯು ದೈವಸಂಕಲ್ಪಕ್ಕೆ ಅಡ್ಡ ಬರುವ ಪಾಪಕೃತ್ಯವೆಂದು ಬೋಧಿಸಿದನು. ಅದಕ್ಕೆ ಒಂದು ವರ್ಷ ಮುಂಚೆ ಬಾಸ್ಟನ್ ನಗರದ ಕಾಟನ್ ಮೇದರನೆಂಬ ಪಾದ್ರಿಯು, ತನ್ನ ಮನೆಯ ಆಫ್ರಿಕದ ದಾಸನಾದ ಒನೇಸಿಮಸನಿಂದ ಕಲಿತ ಅದೇ ಪದ್ಧತಿಯನ್ನು ಭಗವಂತನ ಕರುಣೆಯೆಂದೇ ಬಗೆದು ಎತ್ತಿಹಿಡಿದಿದ್ದನು. ಇಬ್ಬರೂ ಒಂದೇ ಗ್ರಂಥವನ್ನು ನಂಬಿದವರು. ಆದರೆ ಎರಡನೆಯವನ ಭಕ್ತಿಯೇ ಸೃಷ್ಟಿಯನ್ನು ಸರಿಯಾಗಿ ಓದಿತು. ಸೃಷ್ಟಿಯಲ್ಲೇ ಪ್ರತಿರೋಧವು ನೇಯ್ದುಕೊಂಡಿರುವಾಗ ಚಿಕಿತ್ಸೆಯು ದೈವದ್ರೋಹವಾಗಲಾರದು.

ನಮ್ಮ ಚರಕಸಂಹಿತೆಯೂ ಇದನ್ನು ವಿಶದವಾಗಿ ಚರ್ಚಿಸಿದೆ. ಗ್ರೀಷ್ಮದ ಕಡೆಯ ಮಾಸದಲ್ಲಿ, ಪಾಂಚಾಲದ ಕಾಂಪಿಲ್ಯದ ಬಳಿ ಗಂಗಾತೀರದ ವನದಲ್ಲಿ ನಡೆಯುತ್ತಿದ್ದ ಆತ್ರೇಯನನ್ನು ಅಗ್ನಿವೇಶನು ಕೇಳುತ್ತಾನೆ: ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಭಿನ್ನರಾದ ಜನರು ಒಂದೇ ವ್ಯಾಧಿಯಿಂದ ಏಕಕಾಲದಲ್ಲಿ ನಾಶವಾಗುವುದು ಹೇಗೆ? ಗಾಳಿ, ನೀರು, ನೆಲ, ಕಾಲ, ಈ ನಾಲ್ಕೂ ಎಲ್ಲರಿಗೂ ಸಮಾನವಾದುದರಿಂದ ಅವು ಕೆಟ್ಟಾಗ ಜನಪದವೇ ಕೆಡುತ್ತದೆಂದು ಗುರುವು ಉತ್ತರಿಸುತ್ತಾನೆ. ಅವು ಕೆಡುವುದಕ್ಕೆ ಮೂಲವು ಅಧರ್ಮವೆಂದೂ ಅವನು ಹೇಳುತ್ತಾನೆ. ಆದರೆ ಅಲ್ಲಿ ಮೊದಲು ಹೆಸರಿಸಿರುವ ಅಧರ್ಮವು ಹಾಸಿಗೆ ಹಿಡಿದ ರೋಗಿಯದಲ್ಲ, ದೇಶನಗರಗಳ ಮುಖ್ಯಸ್ಥರಾಗಿದ್ದು ಪ್ರಜೆಗಳನ್ನು ಅನ್ಯಾಯದಿಂದ ನಡೆಸಿದವರದು. ಅದೇ ಅಧ್ಯಾಯದಲ್ಲಿ, ಆಯುಸ್ಸೆಲ್ಲವೂ ಮೊದಲೇ ನಿಯತವಾಗಿದ್ದರೆ ಔಷಧ ಮಂತ್ರಗಳನ್ನು ಯಾರೂ ಬಯಸುತ್ತಿರಲಿಲ್ಲವೆಂದೂ, ದೈವ ಪುರುಷಕಾರಗಳೆರಡೂ ಕೂಡಿ ಬಾಳನ್ನು ನಡೆಸುತ್ತವೆಂದೂ ಹೇಳಿದೆ. ಪಾಪವೆಂಬ ಮಾತನ್ನು ರೋಗದ ಪ್ರಸಂಗದಲ್ಲಿ ಆಡಲೇಬೇಕಾದರೆ ಈ ಅರ್ಥದಲ್ಲಿ ಆಡತಕ್ಕದ್ದು: ಕೆರೆಯನ್ನು ಹೊಲಸು ಮಾಡಿದುದು, ಕೇರಿಗೆ ಶುದ್ಧಜಲವನ್ನು ಕೊಡದೆ ಹೋದುದು, ಹಸಿದವನ ದೇಹವನ್ನು ವ್ಯಾಧಿಗೆ ತೆರೆದಿಟ್ಟುದು.

ಪಾಪದ ಹಳೆಯ ಅರ್ಥವು ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಕುಷ್ಠವೇ ಸಾಕ್ಷಿ. 1873ರಲ್ಲಿ ನಾರ್ವೆಯ ಹಾನ್ಸೆನ್ ಅದರ ರೋಗಾಣುವನ್ನು ಕಂಡನು. ಇಂದು ಅದು ಗುಳಿಗೆಗಳಿಂದ ಪೂರ್ಣವಾಗಿ ಗುಣವಾಗುವ ವ್ಯಾಧಿ. ಮನುಷ್ಯರಲ್ಲಿ ಬಹುಪಾಲು ಮಂದಿಗೆ ಅದನ್ನು ತಡೆಯುವ ಶಕ್ತಿಯು ಹುಟ್ಟಿನಿಂದಲೇ ಇರುತ್ತದೆ. ಆ ರೋಗವಿಲ್ಲದವನು ತನ್ನ ಪುಣ್ಯದ ಬಲದಿಂದ ಪಾರಾದವನಲ್ಲ, ಭಂಡಾರಕ್ಕೆ ಮಣಿಯದ ಗೋಧಿಯಂತೆ ಸಹಜವಾದ ಕಾವಲನ್ನು ಪಡೆದು ಹುಟ್ಟಿದವನು. ಹಾಗಿದ್ದರೂ ನಮ್ಮ ದೇಶದ ವೈಯಕ್ತಿಕ ಕಾನೂನುಗಳಲ್ಲಿ ಪತಿಪತ್ನಿಯರ ವಿಚ್ಛೇದನಕ್ಕೆ ಕುಷ್ಠವು ಒಂದು ಕಾರಣವಾಗಿ 2019ರವರೆಗೂ ಉಳಿದಿತ್ತು. ಕಾನೂನನ್ನು ತಿದ್ದಿದ್ದಾಯಿತು, ಮನಸ್ಸನ್ನು ಇನ್ನೂ ತಿದ್ದಬೇಕಾಗಿದೆ.

ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುತ್ತಿಲ್ಲ. ತನ್ನ ನಡತೆಯನ್ನು ತಾನು ತೂಗಿನೋಡಿಕೊಳ್ಳುವುದಕ್ಕೆ ಅದು ಉತ್ತಮವಾದ ಸಾಧನ. ಪರರ ಸಂಕಟವನ್ನು ಅಳೆಯುವುದಕ್ಕೆ ಹೊರಟ ಕ್ಷಣದಲ್ಲಿ ಅದು ಅಧರ್ಮವಾಗುತ್ತದೆ. ಆದುದರಿಂದ, ಓದುಗರೆ, ವ್ಯಾಧಿಗ್ರಸ್ತನ ಬಾಗಿಲಿಗೆ ಹೋದಾಗ ಅವನ ಪೂರ್ವಜನ್ಮವನ್ನು ವಿಚಾರಿಸಬೇಡಿರಿ. ಅವನು ಕುಡಿಯುವ ನೀರನ್ನು ವಿಚಾರಿಸಿರಿ, ಔಷಧಕ್ಕೆ ಹಣವುಂಟೆ ಎಂದು ಕೇಳಿರಿ, ಅವನ ಮಕ್ಕಳಿಗೆ ಲಸಿಕೆಯಾಗಿದೆಯೆ ಎಂದು ನೋಡಿರಿ.