ತುಳುಕದ ಕೊಡ

ಮೂವತ್ತು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಾ ಬಂದವಳು ನಾನು. ಹತ್ತನೆಯ ತರಗತಿಯಲ್ಲಿ ಗಾದೆಮಾತನ್ನು ವಿಸ್ತರಿಸಿ ಬರೆಯುವ ಅಭ್ಯಾಸ ಮಾಡಿಸುತ್ತೇವೆ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬುದನ್ನು ಎಷ್ಟು ಮಕ್ಕಳಿಂದ ಎಷ್ಟು ಸಲ ಬರೆಸಿದ್ದೇನೋ ಲೆಕ್ಕವಿಲ್ಲ. ತಿಳಿದವನು ಮೌನವಾಗಿರುತ್ತಾನೆ, ಅರೆಬರೆ ತಿಳಿದವನೇ ಸದ್ದು ಮಾಡುತ್ತಾನೆ ಎಂದು ಬರೆದುಬಿಟ್ಟರೆ ಅಂಕ ಖಾತ್ರಿ. ಈ ಗಾದೆಯ ಬಗ್ಗೆ ನನಗೆ ಮೊದಲ ಸಲ ಅನುಮಾನ ಹುಟ್ಟಿದ್ದು ಕಳೆದ ವರ್ಷ, ವಾದ್ಯಗಳ ಒಂದು ಅಂಗಡಿಯಲ್ಲಿ.

ನಮ್ಮ ಶಾಲೆಯ ಪ್ರಾಥಮಿಕ ವಿಭಾಗಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಮಕ್ಕಳಿಗೆ ಹಾಡು ಹೇಳಿಕೊಡಲು ಒಂದು ಪುಟ್ಟ ವಾದ್ಯ ತರುತ್ತಿದ್ದಳು. ಗಿಟಾರಿನ ಮರಿಯಂತಿತ್ತು, ನಾಲ್ಕೇ ತಂತಿ. ಯುಕುಲೇಲಿ ಎಂದಳು. ಊಟದ ಬಿಡುವಿನಲ್ಲಿ ಇಸಿದುಕೊಂಡು ಬೆರಳಾಡಿಸಿದೆ. ಮದುವೆಗೆ ಮುಂಚೆ ಆರು ವರ್ಷ ವೀಣೆ ಕಲಿತವಳು ನಾನು. ಆಮೇಲೆ ತಂತಿಯನ್ನು ಮುಟ್ಟಿಯೇ ಇರಲಿಲ್ಲ. ವೀಣೆಯ ತಂತಿ ಬೆರಳ ತುದಿಯನ್ನು ಕೊರೆಯುತ್ತದೆ. ಇದರದು ನೈಲಾನ್, ಒತ್ತಿದರೆ ನೋವಿಲ್ಲ. ತಡಕಾಡುತ್ತಾ ಮೋಹನದ ಆರೋಹಣ ಸಿಕ್ಕಿತು. ಬೆಲ್ಲು ಹೊಡೆದದ್ದೂ ಕೇಳಿಸಲಿಲ್ಲ.

ವೀಣೆ ಶೇಷಣ್ಣನವರ ಮೈಸೂರಿನಲ್ಲಿದ್ದುಕೊಂಡು, ವೀಣೆ ಬಿಟ್ಟವಳು ಈ ವಯಸ್ಸಿನಲ್ಲಿ ಯುಕುಲೇಲಿ ಹಿಡಿಯುವುದೆ ಎಂದು ನನಗೇ ನಗು ಬಂತು. ಆದರೆ ಅದರ ಹುಟ್ಟು ತಿಳಿದಾಗ ಅಕ್ಕರೆ ಹೆಚ್ಚಿತು. 1879ರ ಆಗಸ್ಟ್ ತಿಂಗಳಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗೀಸರ ಮದೀರಾ ದ್ವೀಪದಿಂದ ಹವಾಯಿಯ ಹೊನೊಲುಲುವಿಗೆ ಕಬ್ಬಿನ ತೋಟಗಳ ಕೆಲಸಕ್ಕೆಂದು ಜನರನ್ನು ಕರೆತಂದಿತು. ಅವರಲ್ಲಿ ಮೂವರು ಮರಗೆಲಸದವರು: ಮಾನುಯೆಲ್ ನೂನೆಸ್, ಆಗುಸ್ತೊ ಡಿಯಾಸ್, ಜೋಸ್ ದೊ ಎಸ್ಪಿರಿತೊ ಸಾಂತೊ. ತಮ್ಮ ಊರಿನ ಪುಟ್ಟ ತಂತಿವಾದ್ಯದ ಮಾದರಿಯಲ್ಲಿ ಇವರು ಹೊಸ ನೆಲದಲ್ಲಿ ಮಾಡಿದ್ದೇ ಯುಕುಲೇಲಿ. ಹವಾಯಿಯ ದೊರೆ ಕಲಾಕೌವಾ ಅದಕ್ಕೆ ಆಶ್ರಯ ಕೊಟ್ಟ. ಹಾರುವ ಚಿಗಟ ಎಂದು ಆ ಹೆಸರಿಗೆ ಅರ್ಥ ಹೇಳುವುದುಂಟು. ದುಡಿಯಲು ಬಂದವರ ಜೊತೆ ಬಂದದ್ದು, ಮಡಿಲಲ್ಲಿ ಹಿಡಿಸುವಂಥದ್ದು. ಟೀಚರಮ್ಮನಿಗೆ ಇನ್ನೇನು ಬೇಕು?

ತೊಡಕು ಇದ್ದದ್ದು ಮನೆಯಲ್ಲಿ. ನಮ್ಮದು ಮೊದಲ ಮಹಡಿಯ ಎರಡು ಕೋಣೆಯ ಮನೆ. ಒಂದು ಕೋಣೆಯಲ್ಲಿ ಎಂಬತ್ತನಾಲ್ಕು ವರ್ಷದ ಅತ್ತೆ. ಅವರ ನಿದ್ದೆ ಬಹಳ ತೆಳು. ಗೋಡೆಯ ಆಚೆ, ಎರಡನೆಯ ಪಿಯುಸಿ ಓದುವ ಹುಡುಗ. ನನಗೆ ಬಿಡುವು ಸಿಗುವುದು ಪಾತ್ರೆ ತೊಳೆದು, ಉತ್ತರಪತ್ರಿಕೆ ತಿದ್ದಿ ಮುಗಿದ ಮೇಲೆ, ರಾತ್ರಿ ಒಂಬತ್ತೂವರೆಗೆ. ಆ ಹೊತ್ತಿನಲ್ಲಿ ನುಡಿಸುವುದು ಹೇಗೆ? “ಸದ್ದೇ ಬಾರದ ಯುಕುಲೇಲಿಯೂ ಇದೆ ಮೇಡಂ, ಸಾಲಿಡ್ ಬಾಡಿ ಎಲೆಕ್ಟ್ರಿಕ್. ಹೆಡ್‌ಫೋನ್ ಹಾಕಿಕೊಂಡರೆ ನಿಮಗೆ ಮಾತ್ರ ಕೇಳಿಸುತ್ತದೆ” ಎಂದಳು ಆ ಹುಡುಗಿ. ನಾನು ಅಂಗಡಿಗೆ ಹೋದದ್ದು ಹೀಗೆ.

ಅಂಗಡಿಯ ಹುಡುಗ ಬುದ್ಧಿವಂತ. “ಇದಕ್ಕೆ ಹೊಟ್ಟೆ ಇಲ್ಲ ಮೇಡಂ” ಎಂದು ಒಂದೇ ಮಾತಿನಲ್ಲಿ ವಿಷಯ ತಿಳಿಸಿದ. ಬರಿಯ ತಂತಿ ಕಂಪಿಸಿದರೆ ಗಾಳಿ ಅಲುಗುವುದು ಅಷ್ಟಕ್ಕಷ್ಟೆ. ಆ ಕಂಪನ ಕುದುರೆಯ ಮೂಲಕ ತೆಳುವಾದ ಹಲಗೆಗೆ ಇಳಿಯಬೇಕು, ಹಲಗೆ ಅಲುಗಬೇಕು, ಒಳಗಿನ ಗಾಳಿಯೂ ಜೊತೆಗೂಡಬೇಕು. ಆಗಲೇ ನಾದ. ವೀಣೆಯಲ್ಲಿ ಆ ಕೆಲಸ ಮಾಡುವ ಟೊಳ್ಳು ಭಾಗಕ್ಕೆ ನಾವು ‘ಕೊಡ’ ಎಂದೇ ಹೆಸರಿಟ್ಟಿದ್ದೇವೆ. ಈ ವಾದ್ಯದ್ದಾದರೋ ಇಡಿಯ ಮರದ ಗಟ್ಟಿ ಮೈ. ತಂತಿ ಎಷ್ಟು ನಡುಗಿದರೂ ಮರ ಕದಲುವುದು ಕಡಿಮೆ. ಆಗಲೇ ನನಗೆ ಗಾದೆ ನೆನಪಾದದ್ದು. ತುಂಬಿದ ಕೊಡ ತುಳುಕುವುದಿಲ್ಲ, ನಿಜ. ಆದರೆ ತುಂಬಿದ ಕೊಡ ಹಾಡುವುದೂ ಇಲ್ಲವಲ್ಲ!

ಅದಕ್ಕೆ ದನಿ ಕೊಡುವುದು ಕುದುರೆಯ ಅಡಿಯಲ್ಲಿರುವ ಪೀಜೋ ಎಂಬ ಸಣ್ಣ ಪಟ್ಟಿ. ಕೆಲವು ಹರಳುಗಳನ್ನು ಒತ್ತಿದರೆ ಅಲ್ಪ ವಿದ್ಯುತ್ತು ಹುಟ್ಟುವುದನ್ನು ಕ್ಯೂರಿ ಸೋದರರು, ಜಾಕ್ ಮತ್ತು ಪಿಯರ್, 1880ರಲ್ಲಿ ತೋರಿಸಿದ್ದರು. ಆ ಹಡಗು ಹೊನೊಲುಲು ಸೇರಿದ ಮರುವರ್ಷವೇ. ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಸಾಮಾನ್ಯವಾಗಿರುವ ಅಯಸ್ಕಾಂತದ ಪಿಕಪ್‌ಗೆ ಉಕ್ಕಿನ ತಂತಿ ಬೇಕು. ನೈಲಾನ್ ತಂತಿಯ ಮಟ್ಟಿಗೆ ಅದು ಕಿವುಡು. ಹಾಗಾಗಿ ನೈಲಾನ್ ತಂತಿ ಬೇಕೆಂದರೆ ಪೀಜೋ ಇರುವುದನ್ನೇ ಕೊಳ್ಳಬೇಕು. ಗಟ್ಟಿ ಮೈಯ ವಾದ್ಯದಲ್ಲಿ ಸಂಗೀತವೆಲ್ಲಿ ಎಂದು ಮೂಗು ಮುರಿಯುವಂತೆಯೂ ಇಲ್ಲ. 2014ರಲ್ಲಿ ತೀರಿಕೊಂಡ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೋಲಿನ್ನಿನಲ್ಲೇ ಕರ್ನಾಟಕ ಸಂಗೀತದ ದೊಡ್ಡ ದೊಡ್ಡ ಸಭೆಗಳನ್ನು ತುಂಬಿಸಿದವರು.

ಅಂಗಡಿಯಲ್ಲಿ ಎರಡು ಇದ್ದವು. ಒಂದು ಕೆಂಪು ಬಣ್ಣದ್ದು, ಕನ್ನಡಿಯಂಥ ಹೊಳಪು, 9,500 ರೂಪಾಯಿ. ಇನ್ನೊಂದು ಮಾಸಲು ಕಂದು, ನೋಡಲು ರೊಟ್ಟಿ ಮಣೆಯ ಹಾಗಿತ್ತು, 12,500. ಕಾಸಿಗೆ ತಕ್ಕ ಕಜ್ಜಾಯವೆಂದು ಕೆಂಪಿನದಕ್ಕೆ ಕೈ ಚಾಚಿದೆ. ಆದರೆ ಕಜ್ಜಾಯದ ಲೆಕ್ಕದಲ್ಲಿ ಬೆಲ್ಲ, ಎಣ್ಣೆಯೂ ಸೇರಬೇಕಲ್ಲ! ಕೆಂಪಿನದಕ್ಕೆ ಹೆಡ್‌ಫೋನ್ ಸಿಕ್ಕಿಸುವ ತೂತು ಇರಲಿಲ್ಲ. ಬೇರೆ ಆಂಪ್ಲಿಫೈಯರ್ ಮತ್ತು ವೈರು ಕೊಳ್ಳಬೇಕು, ಅದಕ್ಕೆ ಇನ್ನೂ 4,500. ಕಂದು ಬಣ್ಣದ್ದರಲ್ಲಿ ಎಲ್ಲ ಒಳಗೇ ಇತ್ತು. ಇನ್ನೊಂದು ಮಾತನ್ನೂ ಹುಡುಗ ಹೇಳಿದ. ಟೊಳ್ಳು ವಾದ್ಯದಲ್ಲಿ ಅಗ್ಗದ ಹಲಗೆ ಹಾಕಿದರೆ ನಾದವೇ ಮಂಕಾಗುತ್ತದೆ. ಗಟ್ಟಿ ಮೈಯದರಲ್ಲಿ ಮರ ಯಾವುದೆಂಬುದು ಅಷ್ಟು ಮುಖ್ಯವಲ್ಲ. ಮೆಟ್ಟು, ಬಿರಡೆ, ಕುದುರೆ, ಪಿಕಪ್ ಸರಿಯಿದ್ದರೆ ಸಾಕು. ಬಿಡಿ ತಂತಿಯನ್ನೊಮ್ಮೆ ಮೀಟಿ, ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಇನ್ನೊಮ್ಮೆ ಮೀಟಿದೆ. ಷಡ್ಜಕ್ಕೆ ಮೇಲಿನ ಷಡ್ಜ ಸರಿಯಾಗಿ ಕೂಡಬೇಕು. ಕೆಂಪಿನದರಲ್ಲಿ ಕೂಡಲಿಲ್ಲ, ಕಂದಿನದರಲ್ಲಿ ಕೂಡಿತು. ಹಣ ಎಣಿಸುವಾಗ, ನನಗೆಂದೇ ಇಷ್ಟು ದುಡ್ಡು ಯಾವಾಗ ಖರ್ಚು ಮಾಡಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಆಮೇಲೆ ಎರಡು ತಿಂಗಳು ನನ್ನಷ್ಟು ಸುಖಿ ಇರಲಿಲ್ಲ. ದೀಪ ಆರಿಸಿ, ಹೆಡ್‌ಫೋನ್ ಹಾಕಿ, ಅಡುಗೆಮನೆಯ ಬಾಗಿಲಲ್ಲಿ ಕೂತು ನುಡಿಸುತ್ತಿದ್ದೆ. ಯಾರಿಗೂ ತೊಂದರೆ ಕೊಡದ ಸಂಗೀತ! ಜೋರಾಗಿ ಟೀವಿ ಹಾಕುವವರನ್ನು ನೆನೆದು ಮನಸ್ಸಿನಲ್ಲಿ ಒಂದಿಷ್ಟು ಬೀಗಿದ್ದೂ ಉಂಟು.

ಒಂದು ಬೆಳಿಗ್ಗೆ ಕಾಫಿ ಕೊಡುವಾಗ ಅತ್ತೆ ಕೇಳಿದರು: “ಅದೇನಮ್ಮಾ ರಾತ್ರಿ ಹೊತ್ತು ಟಿಕ್ ಟಿಕ್ ಅಂತಿರುತ್ತೆ? ಹಲ್ಲಿ ಲೊಚಗುಟ್ಟಿದ ಹಾಗೆ?”

ಗಟ್ಟಿ ಮೈಯ ವಾದ್ಯವೂ ಪೂರ್ತಿ ಮೂಕವಲ್ಲ, ತಂತಿಯ ಸಣ್ಣ ಸದ್ದು ಇದ್ದೇ ಇರುತ್ತದೆ. ಸಿಕ್ಕಿಬಿದ್ದವಳಂತೆ ಎಲ್ಲ ಹೇಳಿದೆ. “ನಿಮ್ಮ ನಿದ್ದೆ ಕೆಡಬಾರದು ಅಂತಲೇ ಇಂಥದ್ದು ಹುಡುಕಿ ತಂದೆ ಅತ್ತೆ.”

“ನನಗೆಲ್ಲಿ ನಿದ್ದೆ? ಮನೇಲಿ ಏನಾದರೂ ಸದ್ದಿದ್ದರೆ ಯಾರೋ ಇದ್ದಾರೆ ಅನ್ನೋ ಧೈರ್ಯ ಇರುತ್ತೆ. ಆ ಟಿಕ್ ಟಿಕ್ ಏನು ಅಂತ ತಿಳಿಯದೆ ಹೆದರಿದ್ದಾಯಿತು ಅಷ್ಟೆ. ನೀನು ವೀಣೆ ನುಡಿಸ್ತಿದ್ದೆಯಲ್ಲ, ಅದನ್ನಾದರೂ ಯಾಕೆ ಬಿಟ್ಟೆ? ನಾನೇನು ಬೇಡ ಅಂದಿದ್ದೆನೆ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಯಾಗಿ ಬಂದಾಗ ಮಾವನವರಿಗೆ ರಾತ್ರಿ ಪಾಳಿ, ಹಗಲು ಮಲಗುತ್ತಿದ್ದರು. ಹಲಸಿನ ಮರದ ನನ್ನ ವೀಣೆ ಅಟ್ಟ ಸೇರಿತು. ಕೆಲವು ವರ್ಷದ ಮೇಲೆ ತವರಿಗೆ ಹಿಂದಿರುಗಿತು. ಅತ್ತೆ ಮನೆಯಲ್ಲಿ ಸಂಗೀತ ಬಿಡಿಸಿದರು ಎಂದು ಗೆಳತಿಯರೊಡನೆ ಹೇಳಿಕೊಂಡು ನೊಂದಿದ್ದೇನೆ. ಬೇಡ ಎಂದು ಯಾರೂ ಅನ್ನಲಿಲ್ಲ, ನಿಜ. ನುಡಿಸು ಎಂದೂ ಯಾರೂ ಅನ್ನಲಿಲ್ಲ, ಅದೂ ನಿಜ. ಹೊಸ ಸೊಸೆ ತಾನಾಗಿ ಕೇಳುವ ಕಾಲ ಅದಾಗಿರಲಿಲ್ಲ ಎಂಬ ಸಮಾಧಾನವೂ ಉಂಟು. ಆದರೆ ಮಾವನವರು ನಿವೃತ್ತರಾದ ಮೇಲೆ? ಅವರು ತೀರಿಕೊಂಡ ಮೇಲೆ? ಆಗಲೂ ನಾನು ಕೇಳಲಿಲ್ಲ. ಕೇಳದೆಯೇ ಉತ್ತರ ಬರೆದುಕೊಂಡು, ಆ ಉತ್ತರಕ್ಕೆ ಅತ್ತೆಯ ಹೆಸರು ಹಾಕಿದ್ದೆ.

ಸೌಜನ್ಯವೆಂದು ನಾವು ಕರೆಯುವುದರಲ್ಲಿ ಅಂಜಿಕೆಯ ಪಾಲೆಷ್ಟು? ಹೆಣ್ಣುಮಕ್ಕಳಿಗೆ ಮೆಲ್ಲಗೆ ಮಾತಾಡು, ಮೆಲ್ಲಗೆ ನಡಿ ಎಂದು ಕಲಿಸಿರುತ್ತಾರೆ. ಕಲಿಸಿದವರು ಮರೆತ ಮೇಲೂ ನಾವು ಮರೆಯುವುದಿಲ್ಲ. ಪಕ್ಕದವರ ನೆಮ್ಮದಿಯನ್ನು ನೆನೆಯುವುದು ಒಳ್ಳೆಯ ಗುಣವೇ. ಆದರೆ ಅವರನ್ನು ಒಂದು ಮಾತು ಕೇಳದೆ, ಅವರಿಗೆ ನಮ್ಮ ದನಿ ಬೇಡವೆಂದು ನಾವೇ ತೀರ್ಮಾನಿಸುವುದು ಅವರಿಗೂ ಅನ್ಯಾಯ. ನಮ್ಮ ತ್ಯಾಗದ ಲೆಕ್ಕವನ್ನು ಒಂದು ದಿನ ಅವರ ಖಾತೆಗೇ ಬರೆದಿಡುತ್ತೇವೆ, ಅವರಿಗೆ ಅದರ ಸುದ್ದಿಯೇ ಇರುವುದಿಲ್ಲ.

ಅದೇ ಸಂಜೆ ಪಕ್ಕದ ಮನೆಗೆ ಹೋಗಿ ಹುಡುಗನನ್ನು ಕೇಳಿದೆ. “ಏಳು ಗಂಟೆಯವರೆಗೆ ನುಡಿಸಿ ಆಂಟಿ, ಆಮೇಲೆ ಓದಬೇಕು” ಎಂದ. ಎಷ್ಟು ಸರಳ! ಈಗ ಶಾಲೆಯಿಂದ ಬಂದವಳು ಏಳರವರೆಗೆ ವಾದ್ಯಕ್ಕೆ ಒಂದು ಸಣ್ಣ ಸ್ಪೀಕರ್ ಸಿಕ್ಕಿಸಿ ನುಡಿಸುತ್ತೇನೆ. ಅವನಿಗೆ ಪರೀಕ್ಷೆ ಇದ್ದ ವಾರ ಹೆಡ್‌ಫೋನ್. ಆ ಮೌನ ನನಗೆ ಭಾರವೆನಿಸುವುದಿಲ್ಲ. ಅದು ಕೇಳಿ ಪಡೆದ ಮೌನ.

ಗಾದೆಯನ್ನು ಈಗಲೂ ಪಾಠ ಮಾಡುತ್ತೇನೆ. ಕೊಡ ತುಳುಕದೇ ಇರುವುದು ತುಂಬಿರುವುದರಿಂದಲೋ, ಬಾಯಿ ಕಟ್ಟಿರುವುದರಿಂದಲೋ ನೋಡಿ ಬರೆಯಿರಿ ಎಂದು ಒಂದು ಮಾತು ಸೇರಿಸುತ್ತೇನೆ, ಅಷ್ಟೆ.

ಅತ್ತೆ ಸಂಜೆ ಹೊತ್ತು ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಸಿಕೊಂಡು ಕೂರುತ್ತಾರೆ. ಮೊನ್ನೆ ಎರಡು ಕೀರ್ತನೆ ಮುಗಿಸಿ ಅವರ ಮುಖ ನೋಡಿದೆ. “ಮೂರನೇ ತಂತಿ ಶ್ರುತಿ ಬಿಟ್ಟಿದೆ” ಎಂದರು. ಬಿರಡೆ ತಿರುಗಿಸಿ ನೋಡಿದೆ. ಬಿಟ್ಟಿತ್ತು.